ಜನವರಿ ಒಂದರ ಅಲಸಂದೆ

ಡಿಸೆಂಬರ್ ಕೊನೆಯ ವಾರ ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ ನಾನಿರುವ ಕಡೆಯ ದಿನಸಿ ಅಂಗಡಿಗಳಿಗೆ ಹೋದರೆ ಬಾಗಿಲ ಹತ್ತಿರವೇ ಅಲಸಂದೆ ಕಾಳಿನ ಪೊಟ್ಟಣಗಳನ್ನು ಒಟ್ಟಿರುತ್ತಾರೆ. ಒಂದೊಂದರಲ್ಲಿ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ. ಪಕ್ಕದಲ್ಲಿ ಅಗಲ ಎಲೆಯ ಕೊಲಾರ್ಡ್ ಸೊಪ್ಪಿನ ಕಟ್ಟುಗಳು. ಮಾಂಸದ ಕಪಾಟಿನಲ್ಲಿ ಹೊಗೆ ಹಾಕಿದ ಹಂದಿಕಾಲಿನ ಗೆಣ್ಣುಗಳು. ಈ ಮೂರನ್ನೂ ಗಾಡಿಯಲ್ಲಿಟ್ಟುಕೊಂಡು ಸಾಲಿನಲ್ಲಿ ನಿಂತವರ ಮನೆಯಲ್ಲಿ ಜನವರಿ 1ಕ್ಕೆ ಏನಡುಗೆ ಅಂತ ಕೇಳಬೇಕಾಗಿಯೇ ಇಲ್ಲ.

ಹೊಸ ವರ್ಷದ ಮೊದಲ ದಿನ ಅಲಸಂದೆ ತಿಂದರೆ ಅದೃಷ್ಟ ಅನ್ನುವುದು ಅಮೆರಿಕದ ದಕ್ಷಿಣದ ರಾಜ್ಯಗಳ ನಂಬಿಕೆ. ಕಾಳು ಅಂದರೆ ನಾಣ್ಯ, ಸೊಪ್ಪು ಅಂದರೆ ನೋಟು, ಮೆಕ್ಕೆಜೋಳದ ಬ್ರೆಡ್ ಅಂದರೆ ಚಿನ್ನ. ಹಂದಿ ನೆಲ ಕೆದಕುವಾಗ ಮುಂದಕ್ಕೇ ಹೋಗುತ್ತದೆ, ಹಾಗಾಗಿ ಹಂದಿಮಾಂಸ ತಿಂದವರ ಬದುಕೂ ಮುಂದಕ್ಕೆ ಸಾಗುತ್ತದೆ ಅನ್ನುತ್ತಾರೆ. ಚೆಂದದ ನಂಬಿಕೆಗಳೇ. ಆದರೆ ನನಗೆ ಈ ಅಡುಗೆಯ ಮೇಲೆ ಪ್ರೀತಿ ಹುಟ್ಟಿದ್ದು ಅದೃಷ್ಟದ ಆಸೆಯಿಂದಲ್ಲ. ಇಷ್ಟು ಕಡಿಮೆ ಮಾಂಸದಿಂದ ಇಷ್ಟು ರುಚಿ ತೆಗೆಯುವ ಅಡುಗೆಗಳನ್ನು ನಾನು ಜಾಸ್ತಿ ನೋಡಿಲ್ಲ. ಈ ಜಾಣತನ ಯಾರದು ಅಂತ ತಿಳಿದ ಮೇಲಂತೂ ಈ ಪಾತ್ರೆಯನ್ನು ಒಲೆ ಮೇಲಿಡುವಾಗಲೆಲ್ಲ ಅವರ ನೆನಪಾಗದೆ ಇರುವುದಿಲ್ಲ.

ನಾನು ಕೊಡಗಿನಲ್ಲಿ ಬೆಳೆದವಳು. ಹಂದಿಮಾಂಸ ನಮಗೆ ಹೊಸದಲ್ಲ. ಪಂದಿ ಕರಿ, ಕಡಂಬಿಟ್ಟು ಇಲ್ಲದೆ ನಮ್ಮ ಮನೆಯಲ್ಲಿ ಹಬ್ಬ ಮುಗಿಯುತ್ತಿರಲಿಲ್ಲ. ಮಳೆಗಾಲಕ್ಕೆ ಇರಲಿ ಅಂತ ಮಾಂಸವನ್ನು ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸುವುದನ್ನೂ ನೋಡಿದ್ದೇನೆ. ಇನ್ನು ಅಲಸಂದೆ ಕರ್ನಾಟಕದಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ. ಬದನೆಕಾಯಿ ಜೊತೆ ಹುಳಿ, ತೆಂಗಿನತುರಿ ಉದುರಿಸಿದ ಪಲ್ಯ, ಮೊಳಕೆ ಬರಿಸಿ ಸಾರು. ಆದರೆ ನಮ್ಮ ಮನೆಯಲ್ಲಿ ಕಾಳಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ಎರಡೂ ಒಂದರಲ್ಲೇ ಬೇಯುವುದನ್ನು ನೋಡಿದ್ದು ಇಲ್ಲಿಗೆ ಬಂದ ಮೇಲೆ.

ಕಲಿಸಿದವರು ನಮ್ಮ ಬೀದಿಯ ಹಿರಿಯ ಹೆಂಗಸೊಬ್ಬರು. ಅವರ ತವರು ಸೌತ್ ಕೆರೊಲೈನಾದ ಜಾರ್ಜ್‌ಟೌನ್ ಕಡೆ. 19ನೇ ಶತಮಾನದಲ್ಲಿ ಅಮೆರಿಕದ ಭತ್ತದ ದೊಡ್ಡ ಪಾಲು ಬೆಳೆಯುತ್ತಿದ್ದ ಕರಾವಳಿ ಅದು. ಅವರ ಹಿರಿಯರು ಆ ಗದ್ದೆಗಳಲ್ಲಿ ಗುಲಾಮರಾಗಿ ದುಡಿದವರು. ಅಡುಗೆ ಹೇಳಿಕೊಡುವಾಗ ಕಪ್, ಚಮಚದ ಲೆಕ್ಕ ಅವರ ಬಾಯಲ್ಲಿ ಬರುವುದಿಲ್ಲ. ಒಂದೇ ಒಂದು ಕಟ್ಟುನಿಟ್ಟು. ಮೂಳೆ ಸಡಿಲ ಆಗುವ ತನಕ ಕಾಳಿಗೆ ಕೈ ಹಾಕಬಾರದು.

ಹ್ಯಾಮ್ ಅಂದರೆ ಹಂದಿಯ ಹಿಂದಿನ ತೊಡೆ. ಅದಕ್ಕೆ ಉಪ್ಪು ಹಿಡಿಸಿ, ಸಾಮಾನ್ಯವಾಗಿ ಹೊಗೆಯನ್ನೂ ಹಾಕಿರುತ್ತಾರೆ. ಚಳಿಗಾಲದ ಆರಂಭದಲ್ಲಿ ಹಂದಿ ಕಡಿದು, ಉಪ್ಪು ಸವರಿ, ಹಿಕರಿ ಮರದ ಹೊಗೆಯಲ್ಲಿ ತೂಗಿಹಾಕಿ, ತಿಂಗಳುಗಟ್ಟಲೆ ಮಾಗಿಸುವುದು ವರ್ಜೀನಿಯಾ, ಕೆರೊಲೈನಾ, ಟೆನೆಸೀ, ಕೆಂಟಕಿಯ ಹಳೆಯ ಪದ್ಧತಿ. ವರ್ಜೀನಿಯಾದ ಸ್ಮಿತ್‌ಫೀಲ್ಡ್ ಊರಿನ ಹ್ಯಾಮ್‌ಗೆ 1926ರಲ್ಲೇ ಕಾನೂನು ಬಂದಿದೆ. ಆ ಊರಿನ ಗಡಿಯೊಳಗೆ ಮಾಗಿಸಿದ್ದಕ್ಕೆ ಮಾತ್ರ ಆ ಹೆಸರು. ಅಂಥ ಹ್ಯಾಮ್ ತೆಳುವಾಗಿ ಕೊಯ್ದು ತಿನ್ನುವಂಥದ್ದು. ಕಾಳಿಗೆ ಬೇಕಾಗುವುದು ಅದಲ್ಲ, ಅದರ ಕೆಳಗಿನ ಗೆಣ್ಣು. ಇಲ್ಲಿಯವರು ಹ್ಯಾಮ್ ಹಾಕ್ ಅನ್ನುವ ಈ ತುಂಡಿನಲ್ಲಿ ಮಾಂಸ ಸ್ವಲ್ಪವೇ. ದಪ್ಪ ಚರ್ಮ, ಒಂದಿಷ್ಟು ಕೊಬ್ಬು, ಬಿಗಿಯಾದ ನರ, ನಡುವೆ ಮೂಳೆ. ಕ್ರಿಸ್ಮಸ್‌ಗೆ ಇಡೀ ಹ್ಯಾಮ್ ತಂದವರ ಮನೆಯಲ್ಲಿ ಉಳಿದ ಮೂಳೆಯೂ ಆಗುತ್ತದೆ. ಡಿಸೆಂಬರ್ 25ರ ಮೂಳೆ ಜನವರಿ 1ರ ಕಾಳಿಗೆ ಬರುತ್ತದೆ. ಎಷ್ಟು ಸರಿಯಾದ ಲೆಕ್ಕ ಅಲ್ವಾ?

ಒಂದು ಗೆಣ್ಣನ್ನು ತೊಳೆದು, ಸುಮಾರು ಎರಡೂವರೆ ಲೀಟರ್ ತಣ್ಣೀರಿನಲ್ಲಿ ಹಾಕಿ ಒಲೆಗಿಡಿ. ಕುದಿ ಬಂದ ಕೂಡಲೇ ಉರಿ ಇಳಿಸಿ. ಬುಡಬುಡ ಕುದಿಯಬಾರದು, ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದರೆ ಸಾಕು. ಮೊದಲು ಬರುವ ಬೂದು ನೊರೆಯನ್ನು ಸೌಟಿನಲ್ಲಿ ತೆಗೆದುಬಿಡಿ. ಒಂದು ಗಂಟೆಯ ಹೊತ್ತಿಗೆ ನೀರು ಎಳೆ ಚಹಾದ ಬಣ್ಣಕ್ಕೆ ತಿರುಗಿ ಮನೆಯೆಲ್ಲ ಹೊಗೆಯ ವಾಸನೆ ತುಂಬಿರುತ್ತದೆ. ಮಾಂಸ ಮಾತ್ರ ಆಗಲೂ ಕಲ್ಲು. ಎರಡು ಗಂಟೆ ದಾಟುವಾಗ ಚರ್ಮ ಉಬ್ಬಿ ಮೆತ್ತಗಾಗುತ್ತದೆ. ಇಕ್ಕಳದಲ್ಲಿ ಮೂಳೆಯ ತುದಿ ಹಿಡಿದು ತಿರುಗಿಸಿದರೆ ಸಡಿಲವಾಗಿ ತಿರುಗಬೇಕು. ಅಷ್ಟರಲ್ಲಿ ಚರ್ಮ, ನರದಲ್ಲಿದ್ದ ಅಂಟು ಕರಗಿ ನೀರಿಗೆ ಬಂದಿರುತ್ತದೆ. ಬೆರಳ ತುದಿಗೆ ಹಚ್ಚಿ ಒತ್ತಿದರೆ ಗೊತ್ತಾಗುತ್ತದೆ, ಸ್ವಲ್ಪ ಅಂಟಂಟು. ಈ ಅಂಟಿನಿಂದಲೇ ಕಾಳಿನ ರಸಕ್ಕೆ ಮೈ ಬರುವುದು. ಪ್ರೆಶರ್ ಕುಕ್ಕರ್‌ನಲ್ಲಿ ಮುಕ್ಕಾಲು ಗಂಟೆಗೇ ಗೆಣ್ಣು ಬೇಯುತ್ತದೆ. ಕೆಲಸದ ದಿನ ನಾನೂ ಹಾಗೇ ಮಾಡುತ್ತೇನೆ. ಆದರೆ ರಜೆಯ ದಿನ ಒಲೆಯ ಮೇಲೆ ನಿಧಾನಕ್ಕೆ ಬೆಂದ ರಸದ ತಿಳಿ, ಆ ಹೊಗೆಯ ನಯ ಕುಕ್ಕರ್‌ನಲ್ಲಿ ಬರುವುದಿಲ್ಲ.

ಕಾಳು ನೆನೆಸಬೇಕಾಗಿಲ್ಲ. ಅಲಸಂದೆಯ ಸಿಪ್ಪೆ ತೆಳು, ರಾಜ್ಮಾದ ಹಾಗೆ ಹಟ ಮಾಡುವುದಿಲ್ಲ. ಆ ವರ್ಷದ ಕಾಳಾದರೆ ನೆನೆಸದೆ ಹಾಕಿದರೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಬೆಂದುಬಿಡುತ್ತದೆ. ಗೆಣ್ಣು ಮತ್ತು ಕಾಳನ್ನು ಒಟ್ಟಿಗೆ ಹಾಕಿದರೆ ಮಾಂಸ ಮೆತ್ತಗಾಗುವ ಹೊತ್ತಿಗೆ ಕಾಳು ಗಂಜಿಯಾಗಿರುತ್ತದೆ. ಮೂಳೆ ಸಡಿಲ ಆಗುವ ತನಕ ಕಾಯಿರಿ ಅನ್ನುವ ಮಾತಿನ ಹಿಂದಿರುವುದು ಈ ಲೆಕ್ಕ. ಬೆಂದ ಗೆಣ್ಣನ್ನು ತಟ್ಟೆಗೆ ತೆಗೆದು ಆರಲು ಬಿಟ್ಟು, ಅದೇ ನೀರಿಗೆ ಒಂದು ಪೌಂಡ್ ಕಾಳು ಸುರಿಯಿರಿ. ಇನ್ನೊಂದು ಬಾಣಲೆಯಲ್ಲಿ ಈರುಳ್ಳಿ, ಸೆಲರಿ, ದೊಣ್ಣೆಮೆಣಸಿನಕಾಯಿ ಬಾಡಿಸಿ ಸೇರಿಸಿ. ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಪಲಾವ್ ಎಲೆ, ಥೈಮ್ ಸೊಪ್ಪಿನ ಒಂದೆರಡು ಕಡ್ಡಿ, ಒಂದು ಒಣಮೆಣಸಿನಕಾಯಿ. ಅಷ್ಟೇ.

ಉಪ್ಪು ಹಾಕಬೇಡಿ. ಹ್ಯಾಮ್‌ನ ಉಪ್ಪು ಆಗಲೇ ರಸಕ್ಕೆ ಇಳಿದಿರುತ್ತದೆ, ಕೊನೆಗೆ ರುಚಿ ನೋಡಿಕೊಂಡರಾಯಿತು. ಹುಳಿಯೂ ಬೇಡ. ಟೊಮೆಟೊ, ವಿನೆಗರ್ ಮೊದಲೇ ಬಿದ್ದರೆ ಕಾಳಿನ ಸಿಪ್ಪೆ ಬಿಗಿದುಕೊಳ್ಳುತ್ತದೆ, ಎಷ್ಟು ಬೇಯಿಸಿದರೂ ಒಳಗೆ ಮೆತ್ತಗೆ, ಹೊರಗೆ ಬಿರುಸು. ಅರ್ಧ ಗಂಟೆಯಾದ ಮೇಲೆ ಒಂದು ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ನೋಡಿ. ನಡುವಿನಲ್ಲಿ ಸುಣ್ಣದ ಹಾಗೆ ಬಿಳಿ ಚುಕ್ಕೆ ಕಂಡರೆ ಇನ್ನೂ ಸಮಯವಿದೆ. ಚುಕ್ಕೆ ಹೋಗಿ, ಬೆಣ್ಣೆಯ ಹಾಗೆ ಚಪ್ಪಟೆಯಾಗಿ, ಸಿಪ್ಪೆ ಮಾತ್ರ ಒಡೆಯದೆ ಉಳಿದರೆ ಹದ ಬಂತು. ಕಾಳಿನ ಕಪ್ಪು ಕಣ್ಣಿನ ಸುತ್ತ ಬಣ್ಣ ಬಿಟ್ಟು ರಸವೂ ಸ್ವಲ್ಪ ಕಂದಾಗಿರುತ್ತದೆ. ಆಗ ಗೆಣ್ಣಿನ ಮಾಂಸವನ್ನು ಎಳೆಎಳೆಯಾಗಿ ಬಿಡಿಸಿ ಹಾಕಿ. ಚರ್ಮವನ್ನು ಸಣ್ಣಗೆ ಹೆಚ್ಚಿ ಸೇರಿಸುವವರೂ ಇದ್ದಾರೆ. ನಾನು ಸೇರಿಸುತ್ತೇನೆ.

ಒಂದು ಗೆಣ್ಣಿನಿಂದ ಸಿಗುವ ಮಾಂಸ ಒಂದು ಹಿಡಿ, ಜಾಸ್ತಿಯೆಂದರೆ ಒಂದೂವರೆ ಹಿಡಿ. ಅದರಲ್ಲಿ ಎಂಟು ಜನ ಉಣ್ಣುತ್ತಾರೆ. ನಮ್ಮ ಸಾರಿಗೆ ಒಗ್ಗರಣೆ ಮಾಡುವ ಕೆಲಸವನ್ನು ಇಲ್ಲಿ ಹ್ಯಾಮ್ ಮಾಡುತ್ತದೆ. ತಟ್ಟೆಯಲ್ಲಿ ಅದನ್ನು ಹುಡುಕಬೇಕು, ಆದರೆ ಪ್ರತಿ ತುತ್ತಿನಲ್ಲೂ ಅದು ಇದೆ.

ಮಾಂಸವನ್ನು ಹೀಗೆ ಹಿಂಜಿ ಹಿಂಜಿ ಬಳಸುವುದು ಯಾರಿಗೆ ಬರುತ್ತದೆ? ಮಾಂಸ ಕೈತುಂಬ ಸಿಗದವರಿಗೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಹೋರಾಟಗಾರರಾದ ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಮೇರಿಲ್ಯಾಂಡ್‌ನಲ್ಲಿ ತಾವಿದ್ದ ತೋಟದ ಪಡಿತರ ಎಷ್ಟಿತ್ತು ಅಂತ ಬರೆದಿದ್ದಾರೆ. ವಯಸ್ಕ ಗುಲಾಮರೊಬ್ಬರಿಗೆ ತಿಂಗಳಿಗೆ 8 ಪೌಂಡ್ ಹಂದಿಮಾಂಸ, ಇಲ್ಲವೇ ಅಷ್ಟು ಬೆಲೆಯ ಮೀನು, ಜೊತೆಗೆ ಒಂದು ಬುಶೆಲ್, ಅಂದರೆ ಸುಮಾರು 35 ಲೀಟರ್ ಅಳತೆಯ ಮೆಕ್ಕೆಜೋಳದ ಹಿಟ್ಟು. 8 ಪೌಂಡ್ ಅಂದರೆ ದಿನಕ್ಕೆ 120 ಗ್ರಾಂ. ಬೆಳಗಿನಿಂದ ಕತ್ತಲಾಗುವ ತನಕ ಹೊಲದಲ್ಲಿ ದುಡಿಯುವ ದೇಹಕ್ಕೆ. ಎಷ್ಟೋ ತೋಟಗಳಲ್ಲಿ ಒಳ್ಳೆಯ ತೊಡೆ, ಬೆನ್ನಿನ ಮಾಂಸ ಒಡೆಯನ ಮೇಜಿಗೆ ಹೋದರೆ ಕಾಲು, ಗೆಣ್ಣು, ತಲೆ, ಕರುಳು ಇವರ ಪಾಲಿಗೆ ಬರುತ್ತಿತ್ತು. ಆ ಗೆಣ್ಣಿಗೆ ಜೊತೆಯಾದದ್ದು ಗುಡಿಸಲ ಹಿಂದಿನ ತುಂಡು ಜಾಗದಲ್ಲಿ ಬೆಳೆದುಕೊಂಡ ಕಾಳು, ಸೊಪ್ಪು.

ಕಾಳು ಅವರಿಗೆ ಗೊತ್ತಿದ್ದದ್ದೇ. ಅಲಸಂದೆಯ ತವರು ಆಫ್ರಿಕಾ. ಇವತ್ತಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಅಲಸಂದೆ ಬೆಳೆಯುವುದು ನೈಜೀರಿಯಾ. ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಎಣ್ಣೆಯಲ್ಲಿ ಕರಿದ ಅಲಸಂದೆಯ ವಡೆಗೆ ಅಲ್ಲಿ ಅಕರಾ ಅನ್ನುತ್ತಾರೆ. ಅದೇ ವಡೆ ಗುಲಾಮರ ಜೊತೆ ಅಟ್ಲಾಂಟಿಕ್ ದಾಟಿ ಬ್ರೆಜಿಲ್‌ನ ಬಾಹಿಯಾದಲ್ಲಿ ಅಕರಜೆ ಆಗಿದೆ. ಸಾಲ್ವಡಾರ್ ನಗರದ ಬೀದಿಗಳಲ್ಲಿ ಬಿಳಿ ಉಡುಪಿನ ಹೆಂಗಸರು ಅದನ್ನು ತಾಳೆ ಎಣ್ಣೆಯಲ್ಲಿ ಕರಿದು ಮಾರುತ್ತಾರೆ. ಸೆನೆಗಲ್‌ನಲ್ಲಿ ಅನ್ನದ ಜೊತೆ ಅಲಸಂದೆ ಬೇಯಿಸುವ ಅಡುಗೆ ಇಂದಿಗೂ ಇದೆ. ಭತ್ತ ಬೆಳೆಯುವ ವಿದ್ಯೆ ಇದ್ದವರು ಬೇಕು ಅಂತ ಕೆರೊಲೈನಾದ ಜಮೀನ್ದಾರರು ಪಶ್ಚಿಮ ಆಫ್ರಿಕಾದ ಸೆನೆಗಾಂಬಿಯಾ, ಸಿಯೆರಾ ಲಿಯೋನ್ ಕಡೆಯ ಜನರನ್ನೇ ಹುಡುಕಿ ಕೊಳ್ಳುತ್ತಿದ್ದರು. ಅವರನ್ನು ಇಳಿಸುತ್ತಿದ್ದ ದೊಡ್ಡ ಬಂದರು ಸೌತ್ ಕೆರೊಲೈನಾದ ಚಾರ್ಲ್ಸ್‌ಟನ್. ಅಲ್ಲಿನ ಗ್ಯಾಡ್ಸ್‌ಡೆನ್ ಧಕ್ಕೆಯ ಜಾಗದಲ್ಲಿ 2023ರಲ್ಲಿ ಆಫ್ರಿಕನ್ ಅಮೆರಿಕನ್ನರ ಇತಿಹಾಸದ ಒಂದು ದೊಡ್ಡ ಮ್ಯೂಸಿಯಂ ತೆರೆದಿದ್ದಾರೆ. ಆ ಕಡೆ ಹೋದವರು ನೋಡಲೇಬೇಕು.

ಇದೇ ಕಾಳು ನಮ್ಮ ಕಡೆಗೂ ಬಂತು. ಮೂರು ಸಾವಿರ ವರ್ಷಕ್ಕೂ ಹಿಂದೆ, ಆಫ್ರಿಕಾದಿಂದ, ಸಮುದ್ರ ವ್ಯಾಪಾರಿಗಳ ಕೈಯಿಂದ ಕೈಗೆ. ರಾಗಿ, ಜೋಳ ಕೂಡ ಹಾಗೇ ಬಂದವು. ನಮ್ಮಲ್ಲಿ ಅದಕ್ಕೆ ಹೊಲ ಸಿಕ್ಕಿತು, ಹಬ್ಬ ಸಿಕ್ಕಿತು. ಪಲ್ಯಕ್ಕೆ ಕೊಯ್ಯುವ ಮಾರುದ್ದದ ಹಸಿರು ಅಲಸಂಡೆಯೂ ಅದೇ ಜಾತಿಯ ಗಿಡ, ಏಷ್ಯಾದ ರೈತರು ಕಾಯಿಗಾಗಿ ಆರಿಸಿ ಆರಿಸಿ ಬೆಳೆಸಿದ ಬಗೆ. ಪೂರ್ವಕ್ಕೆ ಹೊರಟ ಬೀಜ ಹೀಗೆ ಬಂತು. ಪಶ್ಚಿಮಕ್ಕೆ ಹೊರಟದ್ದು ಸಂಕೋಲೆ ಹಾಕಿದ ಜನರ ಹಡಗಿನಲ್ಲಿ, ಅವರನ್ನು ಬದುಕಿಸಿ ಮಾರುವುದಕ್ಕೆ ಬೇಕಾದ ಆಹಾರವಾಗಿ. ಚಿಕ್ಕಂದಿನಿಂದ ತಿಂದ ಕಾಳಿಗೆ ಇಂಥ ಇನ್ನೊಂದು ಕಥೆ ಇದೆ ಅಂತ ಅಮೆರಿಕಕ್ಕೆ ಬರುವ ತನಕ ನನಗೆ ಯಾರೂ ಹೇಳಿರಲಿಲ್ಲ.

ಅದೃಷ್ಟದ ಕಥೆಗೆ ಬರೋಣ. ಇಲ್ಲಿ ಜಾಸ್ತಿ ಕೇಳಿಬರುವ ಕಥೆ ಅಮೆರಿಕದ ಉತ್ತರ, ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದ್ದು. 1864ರ ಕೊನೆಗೆ ಜನರಲ್ ಶರ್ಮನ್‌ನ ಉತ್ತರದ ಸೈನ್ಯ ಅಟ್ಲಾಂಟಾದಿಂದ ಸವಾನಾ ತನಕ ದಾರಿಯುದ್ದಕ್ಕೂ ಬೆಳೆ, ದನಕರು, ದಾಸ್ತಾನು ಎಲ್ಲ ಹಾಳುಮಾಡುತ್ತಾ ಹೋಯಿತು. ಅಲಸಂದೆಯನ್ನು ಮಾತ್ರ ದನದ ಮೇವು ಅಂತ ಬಿಟ್ಟುಹೋಯಿತಂತೆ, ದಕ್ಷಿಣದವರು ಅದನ್ನೇ ತಿಂದು ಬದುಕಿಕೊಂಡರಂತೆ. ಈ ಕಥೆ ನನಗೆ ಹಿಡಿಸುವುದಿಲ್ಲ. ಹಸಿದ ಸೈನಿಕರು ಕಾಳಿನ ಚೀಲ ನೋಡಿಯೂ ಬಿಟ್ಟುಹೋಗುತ್ತಾರಾ? ಅದಕ್ಕಿಂತ ದೊಡ್ಡ ತಕರಾರು ಬೇರೆ ಇದೆ. ಈ ಕಥೆಯಲ್ಲಿ ಕಾಳು ಸುಮ್ನೆ ಸಿಕ್ಕಿಬಿಡುತ್ತದೆ. ಅದನ್ನು ತಂದವರು, ಬೆಳೆದವರು, ಬೇಯಿಸುವುದನ್ನು ಕಲಿಸಿದವರು ಎಲ್ಲೂ ಕಾಣುವುದೇ ಇಲ್ಲ.

ಕಪ್ಪು ಜನರ ಮನೆಗಳಲ್ಲಿ ಜನವರಿ 1ಕ್ಕೆ ಬೇರೆಯೇ ಅರ್ಥವಿತ್ತು. ಗುಲಾಮಗಿರಿಯ ಕಾಲದಲ್ಲಿ ವರ್ಷದ ಸಾಲದ ಲೆಕ್ಕ ಚುಕ್ತಾ ಮಾಡುವ ದಿನ ಅದು. ಸಾಲ ತೀರಿಸಲು ಒಡೆಯರು ಗುಲಾಮರನ್ನು ಮಾರುತ್ತಿದ್ದರು, ಇಲ್ಲವೇ ವರ್ಷದ ಬಾಡಿಗೆಗೆ ಇನ್ನೊಬ್ಬರ ತೋಟಕ್ಕೆ ಕಳಿಸುತ್ತಿದ್ದರು. ಡಿಸೆಂಬರ್ 31ರ ರಾತ್ರಿ ಮಕ್ಕಳನ್ನು ತಬ್ಬಿಕೊಂಡು ಮಲಗಿದ ತಾಯಿಗೆ ಮರುದಿನ ಅವರಲ್ಲಿ ಯಾರು ಉಳಿಯುತ್ತಾರೆ ಅಂತ ಗೊತ್ತಿರುತ್ತಿರಲಿಲ್ಲ. ಆಮೇಲೆ 1862ರ ಡಿಸೆಂಬರ್ 31 ಬಂತು. ಅಧ್ಯಕ್ಷ ಲಿಂಕನ್ ಅವರ ವಿಮೋಚನಾ ಘೋಷಣೆ ಮರುದಿನ, 1863ರ ಜನವರಿ 1ಕ್ಕೆ ಜಾರಿಯಾಗುವುದಿತ್ತು. ಆ ರಾತ್ರಿ ಕಪ್ಪು ಜನರು ಚರ್ಚುಗಳಲ್ಲಿ ಸೇರಿ ಪ್ರಾರ್ಥಿಸುತ್ತಾ ಕಾದರು. ದಂಗೆ ಎದ್ದ ರಾಜ್ಯಗಳ ಗುಲಾಮರಿಗೆ ಆ ಘೋಷಣೆ ಬಿಡುಗಡೆಯ ಮಾತು ಕೊಟ್ಟಿತು. ದೇಶದಾದ್ಯಂತ ಗುಲಾಮಗಿರಿ ಕಾನೂನಿನಲ್ಲಿ ಕೊನೆಯಾಗಿದ್ದು 1865ರಲ್ಲಿ. ಡಿಸೆಂಬರ್ 31ರ ರಾತ್ರಿ ಚರ್ಚಿನಲ್ಲಿ ಜಾಗರಣೆ ಮಾಡುವ ರೂಢಿ ಈಗಲೂ ನಡೆಯುತ್ತಿದೆ. ನನಗೆ ಕಲಿಸಿದ ಆ ಹಿರಿಯರು ಸಂಜೆಯೇ ಗೆಣ್ಣು ಬೇಯಿಸಿಟ್ಟು ಚರ್ಚಿಗೆ ಹೋಗುತ್ತಾರೆ, ಮಧ್ಯರಾತ್ರಿ ದಾಟಿ ಬಂದು ಮಲಗಿ, ಬೆಳಿಗ್ಗೆ ಕಾಳು ಹಾಕುತ್ತಾರೆ. ಅವರ ಬಾಯಲ್ಲಿ ಅದೃಷ್ಟ ಅನ್ನುವ ಮಾತು ಬಂದದ್ದನ್ನು ನಾನು ಕೇಳಿಲ್ಲ. ಎಲ್ಲರೂ ಒಂದೇ ಮೇಜಿನಲ್ಲಿ ಕೂತು ಉಣ್ಣಬೇಕು ಅನ್ನುವುದೇ ಅವರಿಗೆ ಮುಖ್ಯ. ಮಗ ಎರಡು ರಾಜ್ಯ ದಾಟಿ ಬರುತ್ತಾನೆ.

ಕಾಳನ್ನು ಅನ್ನದ ಜೊತೆಯೇ ಬೇಯಿಸಿದರೆ ಅದು ಹಾಪಿನ್ ಜಾನ್. ಚಾರ್ಲ್ಸ್‌ಟನ್‌ನಲ್ಲಿ 1847ರಲ್ಲಿ ಅಚ್ಚಾದ ಒಂದು ಅಡುಗೆ ಪುಸ್ತಕದಲ್ಲೇ ಇದರ ವಿಧಾನ ಇದೆ. ಬರೆದವರು ಸಿರಿವಂತ ಬಿಳಿ ಮನೆತನದ ಸಾರಾ ರಟ್ಲೆಜ್. ಒಂದು ಪೌಂಡ್ ಬೇಕನ್, ಅಂದರೆ ಉಪ್ಪು ಹಿಡಿಸಿದ ಹಂದಿಮಾಂಸ, ಒಂದು ಪೈಂಟ್ (ಸುಮಾರು ಅರ್ಧ ಲೀಟರ್) ಕೆಂಪು ಕಾಳು, ಒಂದು ಪೈಂಟ್ ಅಕ್ಕಿ. ಅಂಥ ಮನೆಗಳಲ್ಲಿ ಒಲೆಯ ಮುಂದೆ ನಿಂತು ಅಡುಗೆ ಮಾಡುತ್ತಿದ್ದದ್ದು ಕಪ್ಪು ಹೆಂಗಸರು. ಪುಸ್ತಕದ ಮೇಲೆ ಅವರ ಹೆಸರು ಬರಲಿಲ್ಲ. ಆಗ ಬಳಸುತ್ತಿದ್ದದ್ದು ಅಲಸಂದೆಯದೇ ಜಾತಿಯ ಚಿಕ್ಕ ಕೆಂಪು ಕಾಳು, ಜೊತೆಗೆ ಕೆರೊಲೈನಾ ಗೋಲ್ಡ್ ಅಕ್ಕಿ. ಎರಡೂ ಹೆಚ್ಚುಕಡಿಮೆ ಮರೆಯಾಗಿದ್ದವು, ಈಗ ಮತ್ತೆ ಬೆಳೆಯುತ್ತಿದ್ದಾರೆ. ಬೆಲೆ ಜಾಸ್ತಿ, ಆದರೂ ಒಮ್ಮೆ ತಂದು ಮಾಡಿ ನೋಡಿ. ಆ ಕೆಂಪು ಕಾಳಿನ ರಸ ಹುರುಳಿಕಾಳಿನ ಕಟ್ಟಿನಷ್ಟು ದಟ್ಟ, ಅನ್ನ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ನಾನು ಮಾತ್ರ ದಿನನಿತ್ಯಕ್ಕೆ ಅನ್ನ ಬೇರೆ, ಕಾಳು ಬೇರೆ ಮಾಡುವವಳು. ರಸ ಅನ್ನದ ಮೇಲೆ ಹರಿಯಬೇಕು ನನಗೆ.

ಇಲ್ಲಿಯವರು ಊಟಕ್ಕೆ ಕೂತ ಮೇಲೆ ಮೇಜಿನ ಮೇಲೆ ಒಂದು ಸಣ್ಣ ಸೀಸೆ ಇಡುತ್ತಾರೆ. ವಿನೆಗರ್‌ನಲ್ಲಿ ಪುಟ್ಟ ಹಸಿಮೆಣಸಿನಕಾಯಿ ಮುಳುಗಿಸಿಟ್ಟದ್ದು. ಅದನ್ನು ನಾಲ್ಕು ಹನಿ ಚಿಮುಕಿಸಿದರೆ ಕೊಬ್ಬಿನ ಭಾರ ಇಳಿದು ಕಾಳಿನ ರುಚಿ ಎದ್ದು ನಿಲ್ಲುತ್ತದೆ. ಇದನ್ನು ಮೊದಲ ಸಲ ಸವಿದಾಗ ನಾನು ನೇರವಾಗಿ ನಮ್ಮ ಕಾಚಂಪುಳಿಯ ಸೀಸೆ ಹುಡುಕಿದೆ. ಹಣ್ಣಿನ ರಸ ಇಳಿಸಿ, ಕುದಿಸಿ ಕುದಿಸಿ ಕಪ್ಪಾಗಿಸಿದ ಕೊಡಗಿನ ಹುಳಿ ಅದು. ಅದಿಲ್ಲದೆ ಪಂದಿ ಕರಿ ಇಲ್ಲ. ಹಂದಿಮಾಂಸಕ್ಕೆ ಕೊನೆಯಲ್ಲಿ ಹುಳಿ ಬೇಕು ಅನ್ನುವುದನ್ನು ಸಮುದ್ರದ ಆಚೆ ಈಚೆ ಇಬ್ಬರೂ ತಮ್ಮ ತಮ್ಮ ಪಾಡಿಗೆ ಕಂಡುಕೊಂಡಿದ್ದಾರೆ. ಈಗ ನಮ್ಮ ಮನೆಯ ಅಲಸಂದೆಗೆ ಇಳಿಸುವ ಮುಂಚೆ ಅರ್ಧ ಚಮಚ ಕಾಚಂಪುಳಿ ಬೀಳುತ್ತದೆ. ಆ ಹಿರಿಯರಿಗೂ ಒಂದು ಸೀಸೆ ಕೊಟ್ಟಿದ್ದೇನೆ. ಅವರು ಅದನ್ನು ಕೊಲಾರ್ಡ್ ಸೊಪ್ಪಿಗೆ ಹಾಕುತ್ತಾರೆ, ಕಾಳಿಗೆ ಬೇಡ ಅಂತಾರೆ.

ಹಂದಿ ತಿನ್ನದವರು ಮನೆಗೆ ಬಂದರೆ ಹೊಗೆ ಹಾಕಿದ ಟರ್ಕಿ ಕೋಳಿಯ ರೆಕ್ಕೆ ಹಾಕಿ ಮಾಡುತ್ತೇನೆ. ಇಲ್ಲಿಯ ಎಷ್ಟೋ ಕಪ್ಪು ಕುಟುಂಬಗಳೂ ಆರೋಗ್ಯಕ್ಕೆ, ಧರ್ಮಕ್ಕೆ ಅಂತ ಹಾಗೇ ಬದಲಾಯಿಸಿಕೊಂಡಿವೆ. ಮಾಂಸವೇ ಬೇಡದ ಗೆಳೆಯರಿಗೆ ಹೊಗೆಯ ಪ್ಯಾಪ್ರಿಕಾ ಪುಡಿ, ಎಣ್ಣೆಯಲ್ಲಿ ಕಂದು ಬಣ್ಣ ಬರುವಷ್ಟು ಹುರಿದ ಅಣಬೆ. ಅದೂ ಒಳ್ಳೆಯ ಅಡುಗೆಯೇ, ಆದರೆ ಆ ಅಂಟು ರಸ ಬರುವುದಿಲ್ಲ. ಅದಕ್ಕೆ ಅರ್ಧ ಸೌಟು ಕಾಳನ್ನು ಮಸೆದು ಸೇರಿಸಿದರೆ ಸ್ವಲ್ಪ ಮಟ್ಟಿಗೆ ಆಗುತ್ತದೆ.

ಪಾತ್ರೆಯಲ್ಲಿ ಉಳಿದ ಕಾಳಿನ ರಸ, ಸೊಪ್ಪು ಬೇಯಿಸಿದ ನೀರು ಇವನ್ನು ದಕ್ಷಿಣದವರು ಚೆಲ್ಲುವುದಿಲ್ಲ. ಮೆಕ್ಕೆಜೋಳದ ಬ್ರೆಡ್ ಅದ್ದಿ ತಿನ್ನುತ್ತಾರೆ, ಬಟ್ಟಲಿಗೆ ಹಾಕಿಕೊಂಡು ಕುಡಿಯುತ್ತಾರೆ. ನಾನು ಮರುದಿನ ಅದರಲ್ಲಿ ಬಸ್ಸಾರು ಮಾಡುತ್ತೇನೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಂದು ಚೂರು ತೆಂಗಿನಕಾಯಿ, ಒಂದು ಹಿಡಿ ಬೆಂದ ಅಲಸಂದೆ ರುಬ್ಬಿ ಆ ರಸಕ್ಕೆ ಹಾಕಿ ಕುದಿಸಿದರೆ ಆಯಿತು. ಫ್ರಿಜ್‌ನಲ್ಲಿ ರಾತ್ರಿ ಕಳೆದ ರಸ ಗಟ್ಟಿ ಜೆಲ್ಲಿಯಾಗಿರುತ್ತದೆ, ಗಾಬರಿ ಬೇಡ, ಬಿಸಿ ತಾಗಿದ ಕೂಡಲೇ ಕರಗುತ್ತದೆ. ಉಳಿದ ಸೊಪ್ಪು, ಕಾಳಿಗೆ ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟರೆ ಪಲ್ಯ. ರಾಗಿ ಹಿಟ್ಟಿದ್ದರೆ ಮುದ್ದೆ ಕಟ್ಟಿ. ಉಪ್ಪಿನ ಡಬ್ಬಿ ತೆರೆಯುವ ಮೊದಲು ಮಾತ್ರ ಒಂದು ಚಮಚ ರುಚಿ ನೋಡಿ, ರಸ ಬತ್ತಿದಷ್ಟೂ ಹ್ಯಾಮ್‌ನ ಉಪ್ಪು ಜೋರಾಗಿರುತ್ತದೆ.